ಮನೆ ಕೊಡುವ ದಿನ ಮುಂದೂಡುವ ಕಾಗದಕ್ಕೆ ಸಹಿ ಹಾಕಬೇಡಿ, ನಾನು ಹಾಕಿ ಏಳು ಲಕ್ಷ ಕಳೆದುಕೊಂಡೆ

ಬಿಲ್ಡರ್ ಕಚೇರಿಯಿಂದ ಫೋನ್ ಮಾಡಿ "ಸಣ್ಣದೊಂದು ಕಾಗದ ಇದೆ ಸಾರ್, ಬಂದು ಸಹಿ ಹಾಕಿ ಹೋಗಿ" ಅಂದರೆ ದಯವಿಟ್ಟು ಅಲ್ಲೇ ಕೂತು ಸಹಿ ಹಾಕಬೇಡಿ. ಮನೆಗೆ ತನ್ನಿ, ಓದಿ, ವಕೀಲರಿಗೆ ತೋರಿಸಿ.

ಕನಕಪುರ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬುಕ್ ಮಾಡಿದ್ದೆವು. 2019ರ ಡಿಸೆಂಬರ್‌ಗೆ ಕೀ ಕೊಡುತ್ತೇವೆ ಅಂತ ಅಗ್ರಿಮೆಂಟ್‌ನಲ್ಲಿ ಇತ್ತು. ಅಷ್ಟು ಹೊತ್ತಿಗೆ 52 ಲಕ್ಷ ಕೊಟ್ಟಾಗಿತ್ತು, ಹೆಚ್ಚಿನದು ಬ್ಯಾಂಕ್ ಸಾಲ. ಈ ಕಡೆ ಬಾಡಿಗೆ, ಆ ಕಡೆ ಇಎಂಐ. ಡಿಸೆಂಬರ್ ಬಂದಾಗ ನಮ್ಮ ಬ್ಲಾಕ್‌ನ ಪ್ಲಾಸ್ಟರಿಂಗ್ ಕೂಡ ಮುಗಿದಿರಲಿಲ್ಲ. ಫೆಬ್ರವರಿಯಲ್ಲಿ ಕರೆದರು, ಕಾಫಿ ಕೊಟ್ಟರು, ಕಾರ್ ಪಾರ್ಕಿಂಗ್‌ಗೆ ದುಡ್ಡು ಬೇಡ ಅಂದರು, ಎರಡು ಪುಟದ ಪೂರಕ ಒಪ್ಪಂದ ಮುಂದಿಟ್ಟರು. ಅದರಲ್ಲಿ ಮನೆ ಕೊಡುವ ದಿನ 2021ರ ಜೂನ್ ಆಗಿತ್ತು. ಪಾರ್ಕಿಂಗ್ ಸಿಕ್ಕ ಖುಷಿಯಲ್ಲಿ ಸಹಿ ಹಾಕಿಬಿಟ್ಟೆ.

ಜೂನ್‌ಗೂ ಮನೆ ಬರಲಿಲ್ಲ. ಆಗ ರೇರಾಗೆ, ಅಂದರೆ ಬಿಲ್ಡರ್‌ಗಳ ಮೇಲೆ ನಿಗಾ ಇಡುವ ರಿಯಲ್ ಎಸ್ಟೇಟ್ ಪ್ರಾಧಿಕಾರಕ್ಕೆ, ದೂರು ಕೊಟ್ಟೆವು. 2016ರ ರೇರಾ ಕಾಯ್ದೆಯ 18ನೇ ಸೆಕ್ಷನ್ ನಮಗೆ ಎರಡು ದಾರಿ ಕೊಡುತ್ತದೆ. ಮನೆ ಬೇಡ ಅಂದರೆ ಕೊಟ್ಟ ದುಡ್ಡು ಬಡ್ಡಿ ಸಮೇತ ವಾಪಸ್. ಮನೆ ಬೇಕು ಅಂದರೆ ಕೈಗೆ ಬರುವವರೆಗೂ ತಡವಾದ ಪ್ರತಿ ತಿಂಗಳಿಗೆ ಬಡ್ಡಿ. ಕರ್ನಾಟಕದಲ್ಲಿ ಈ ಬಡ್ಡಿ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ (ಸಾಲಕ್ಕೆ ಬ್ಯಾಂಕ್ ಹಿಡಿಯುವ ಮೂಲ ಬಡ್ಡಿ ದರ) ಮೇಲೆ ಶೇ. 2 ಜಾಸ್ತಿ. ನಾವು ಎರಡನೆಯದನ್ನು ಕೇಳಿದೆವು, ಆದೇಶವೂ ನಮ್ಮ ಪರ ಬಂತು, ಆದರೆ ಬಡ್ಡಿ ಲೆಕ್ಕ ಶುರುವಾಗಿದ್ದು 2021ರ ಜೂನ್‌ನಿಂದ! ಅದಕ್ಕೂ ಹಿಂದಿನ 18 ತಿಂಗಳು ನನ್ನ ಸಹಿಯಲ್ಲೇ ಹೋಯಿತು. 52 ಲಕ್ಷಕ್ಕೆ ವರ್ಷಕ್ಕೆ ಶೇ. 9 ಅಂತ ಹಿಡಿದರೂ ಏಳು ಲಕ್ಷ. ನಮ್ಮ ಪಕ್ಕದ ಬ್ಲಾಕ್‌ನವರು ಆ ಕಾಗದ ಮುಟ್ಟಿರಲಿಲ್ಲ, ಅವರಿಗೆ ಹಳೇ ದಿನದಿಂದಲೇ ಲೆಕ್ಕ ಹಾಕಿದರು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು ಹೇಳಿ ಹೆದರಿಸುತ್ತಾರೆ: "ರೇರಾದಲ್ಲೇ ನಮಗೆ ಟೈಮ್ ಎಕ್ಸ್‌ಟೆನ್ಷನ್ ಸಿಕ್ಕಿದೆ, ಏನೂ ಕೇಳೋ ಹಾಗಿಲ್ಲ". ನಂಬಬೇಡಿ. ಅದು ಪ್ರಾಜೆಕ್ಟ್ ನೋಂದಣಿಯ ಅವಧಿ. ಅದು ಮುಂದಕ್ಕೆ ಹೋದ ಮಾತ್ರಕ್ಕೆ ನಿಮ್ಮ ಅಗ್ರಿಮೆಂಟ್‌ನಲ್ಲಿರುವ ದಿನ ಬದಲಾಗುವುದಿಲ್ಲ. ಕೀ ಕೊಡುವಾಗಲೂ ಹುಷಾರು. ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಸರ್ಕಾರಿ ಪ್ರಮಾಣಪತ್ರ) ಇಲ್ಲದೆ ಕೀ ಕೈಗಿಟ್ಟು, "ಇನ್ನು ಯಾವ ತಕರಾರೂ ಇಲ್ಲ" ಅಂತ ಬರೆಸಿಕೊಳ್ಳುತ್ತಾರೆ. ಬೆಂಗಳೂರಿನದೇ ಒಂದು ಅಪಾರ್ಟ್‌ಮೆಂಟ್ ಪ್ರಕರಣದಲ್ಲಿ, ಮನೆ ರಿಜಿಸ್ಟರ್ ಮಾಡಿಸಿಕೊಂಡ ಮಾತ್ರಕ್ಕೆ ತಡಕ್ಕೆ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೂ ಅಂಥ ಕಾಗದ ಬರೆದುಕೊಟ್ಟು ಆಮೇಲೆ ವರ್ಷಗಟ್ಟಲೆ ವಾದ ಮಾಡುವುದು ಯಾಕೆ, ಅಲ್ವಾ? ಸಹಿ ಹಾಕಲೇಬೇಕಾಗಿ ಬಂದರೆ, ನನ್ನ ಹಕ್ಕು ಬಿಟ್ಟುಕೊಟ್ಟಿಲ್ಲ ಅಂತ ಅದೇ ದಿನ ಇಮೇಲ್ ಕಳಿಸಿ.

ರೇರಾ ಬೇಡ ಅನಿಸಿದರೆ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಆದರೆ ಅಲ್ಲಿ ಸಾಮಾನ್ಯವಾಗಿ ಎರಡು ವರ್ಷದೊಳಗೆ ದೂರು ಕೊಡಬೇಕು, ಸುಮ್ನೆ ಕಾಯುತ್ತಾ ಕೂರಬೇಡಿ.

ಆದೇಶ ಬಂದ ತಕ್ಷಣ ದುಡ್ಡು ಬರುತ್ತದೆ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಬಿಲ್ಡರ್ ಕೊಡಲಿಲ್ಲ. ಭೂ ಕಂದಾಯ ಬಾಕಿಯ ಹಾಗೆ ವಸೂಲಿ ಮಾಡಲು ರೇರಾದಿಂದ ಪತ್ರ ಹೋಯಿತು. ಡಿಸಿ ಕಚೇರಿ, ಅಲ್ಲಿಂದ ತಹಶೀಲ್ದಾರ್ ಕಚೇರಿ. ಒಬ್ಬನೇ ಹೋದಾಗ ಯಾರೂ ತಲೆ ಎತ್ತಿ ನೋಡಲಿಲ್ಲ. ಹನ್ನೊಂದು ಮನೆಯವರು ಒಟ್ಟಿಗೆ ಹೋದ ಮೇಲೆ ಕಡತ ಕದಲಿತು, ಅರ್ಧ ದುಡ್ಡು ಬಂತು. ಉಳಿದರ್ಧಕ್ಕೆ ಈಗಲೂ ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೇವೆ.