ಆರು ವರ್ಷ, ಎರಡೂಕಾಲು ಕೆಜಿ: ನಿಕಾನ್ 200-500 ಹೊತ್ತು ಭದ್ರಾ ಹಿನ್ನೀರಿಂದ ಖೋಖೋ ಅಂಕಣಕ್ಕೆ

2019ರಲ್ಲಿ ಈ ಲೆನ್ಸ್ ತಗೊಂಡಾಗ ಮನೆಯಲ್ಲಿ ಹೇಳಿದ ಕಾರಣ ಒಂದು, ಮನಸ್ಸಲ್ಲಿದ್ದದ್ದು ಇನ್ನೊಂದು. ಮಗಳ ಆಟದ ಫೋಟೊ ತೆಗೆಯೋಕೆ ಅಂತ ಹೇಳಿದ್ದೆ. ಕಣ್ಣಿದ್ದದ್ದು ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಗಳ ಮೇಲೆ. ಒಂದೇ ಲೆನ್ಸಲ್ಲಿ ಎರಡೂ ಆಗುತ್ತದೆ ಅಂತ ಕೊನೆಗೆ ನಾನೇ ನಂಬಿಬಿಟ್ಟೆ. ಹಕ್ಕಿ ಕೆಲಸ ಪೂರ್ತಿ ಆಯಿತು. ಮಗಳ ಕೆಲಸ ಅರ್ಧ ಆಯಿತು.

ಲೆನ್ಸ್ ನಿಕಾನ್ 200-500 ಎಂಎಂ, ಎಫ್/5.6 (ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). 2015ರಲ್ಲಿ ಬಂದದ್ದು. ನನ್ನದು ಸೆಕೆಂಡ್ ಹ್ಯಾಂಡ್. ಕ್ಯಾಮೆರಾ ನಿಕಾನ್ ಡಿ7500. ಅದರ ಸೆನ್ಸರ್ ಚಿಕ್ಕದಾದ್ದರಿಂದ 500 ಎಂಎಂ ಅನ್ನೋದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಲೆಕ್ಕದಲ್ಲಿ 750ರಷ್ಟು ಹತ್ತಿರ ತೋರಿಸುತ್ತದೆ. ಆಗ ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150-600 ಲೆನ್ಸ್ ಕೂಡ ನೋಡಿದ್ದೆ. ಅವು ಪೂರ್ತಿ ಝೂಮಲ್ಲಿ ಎಫ್/6.3ಕ್ಕೆ ಇಳಿಯುತ್ತವೆ, ಇದು 200ರಲ್ಲೂ 500ರಲ್ಲೂ 5.6. ಇರೋದು ಶಿವಮೊಗ್ಗದಲ್ಲಿ. ವರ್ಷಕ್ಕೆ ನಾಲ್ಕು ತಿಂಗಳು ಮೋಡ. ಚೂರು ಬೆಳಕು ಜಾಸ್ತಿ ಸಿಕ್ಕರೂ ಸಾಕಿತ್ತು.

ಬೇಸಿಗೆ ಹತ್ತಿರ ಬಂದಂತೆ ಭದ್ರಾ ಜಲಾಶಯದ ನೀರು ಇಳಿದು ಸಣ್ಣ ಸಣ್ಣ ನಡುಗಡ್ಡೆಗಳು ಮೇಲೇಳುತ್ತವೆ. ಟರ್ನ್‌ಗಳು ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ದೋಣಿ ತೀರಾ ಹತ್ತಿರ ಹೋಗಬಾರದು, ಹೋದರೆ ಎಲ್ಲ ಎದ್ದುಬಿಡುತ್ತವೆ. ಅಲ್ಲಿ 500 ಎಂಎಂ ಬೇಕೇ ಬೇಕು. ಬೆಳಗಿನ ಒಳ್ಳೆ ಬಿಸಿಲಲ್ಲಿ ಶಟರ್ 1/2500 ಸೆಕೆಂಡು, ಐಎಸ್‌ಒ (ಕಡಿಮೆ ಬೆಳಕಿಗೆ ಇದನ್ನು ಏರಿಸಬೇಕು, ಏರಿಸಿದಷ್ಟೂ ಫೋಟೊ ಕಾಳು ಕಾಳು) 500ರ ಆಸುಪಾಸು. ಟರ್ನ್ ಹಳದಿ ಕೊಕ್ಕಲ್ಲಿ ಮೀನು ಅಡ್ಡ ಹಿಡಿದು ಬರುವ ಒಂದು ಫೋಟೊ ಇದೆ ನನ್ನ ಹತ್ತಿರ. ದೊಡ್ಡದು ಮಾಡಿ ನೋಡಿದರೆ ಆ ಮೀನಿನ ಕಣ್ಣೂ ಕಾಣುತ್ತದೆ.

ದೋಣಿಯಲ್ಲಿ ಟ್ರೈಪಾಡ್ ಸುಮ್ನೆ ಭಾರ. ಕೆಳಗಿನ ಹಲಗೆಯೇ ಅಲುಗಾಡುವಾಗ ಮೇಲಿನ ಕಾಲು ಏನು ಮಾಡುತ್ತದೆ? ಅಮ್ಮ ನನ್ನ ಹಳೇ ಜೀನ್ಸ್‌ನ ಒಂದು ಕಾಲು ಕತ್ತರಿಸಿ ಎರಡೂ ಕಡೆ ಹೊಲಿದು, ಒಳಗೆ ಭತ್ತ ತುಂಬಿ ಕೊಟ್ಟರು. ಅದೇ ನನ್ನ ಬೀನ್‌ಬ್ಯಾಗ್. ದೋಣಿಯ ಅಂಚಿಗಿಟ್ಟು ಲೆನ್ಸ್ ಒರಗಿಸಿದರೆ ಕೈಗೆ ಆರಾಮ. ಒಮ್ಮೆ ನೀರು ಚಿಮ್ಮಿ ನೆನೆದಿತ್ತು, ಹಾಗೇ ಕಾರಿನ ಡಿಕ್ಕಿಯಲ್ಲಿ ಬಿಟ್ಟಿದ್ದೆ. ಐದಾರು ದಿನಕ್ಕೆ ಹೊಲಿಗೆ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತಿತ್ತು. "ನಾಟಿ ಮಾಡೋದೊಂದು ಬಾಕಿ" ಅಂದರು ಅಮ್ಮ.

ಭಾರದ ವಿಷಯ ಮುಚ್ಚಿಡಲ್ಲ. ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 2.3 ಕೆಜಿ. ಕ್ಯಾಮೆರಾ ಸೇರಿದರೆ ಮೂರು. ಅಂಗಡಿಯಲ್ಲಿ ಎತ್ತಿ ನೋಡಿ "ಅಷ್ಟೇನಿಲ್ಲ" ಅನಿಸುತ್ತದೆ. ಹತ್ತು ನಿಮಿಷ ಕಣ್ಣಿಗೆ ಹಿಡಿದು ನಿಂತು ನೋಡಿ, ಆಮೇಲೆ ಹೇಳಿ. ಝೂಮ್ ರಿಂಗ್ ಕೂಡ ಒಂದೇ ತಿರುವಿಗೆ ಮುಗಿಯಲ್ಲ, ಕೈ ಬದಲಿಸಿ ಇನ್ನೊಮ್ಮೆ ತಿರುಗಿಸಬೇಕು.

ಮಳೆಗಾಲದಲ್ಲಿ ನನ್ನ ಜಾಗ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ. ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ಗೂಡುಗಳು. ಕೂತ ಹಕ್ಕಿಗೆ ಕೈ ನಡುಕ ಸರಿದೂಗಿಸುವ ವಿಆರ್ ಹಾಕಿ 1/250ರಲ್ಲೂ ಅಲುಗದ ಫೋಟೊ ಸಿಗುತ್ತದೆ. ಆದರೆ ಇದು ಮಳೆಯಲ್ಲಿ ನೆನೆಸುವ ಲೆನ್ಸ್ ಅಲ್ಲ. ಅದಕ್ಕೂ ಒಂದು ಪ್ಲಾಸ್ಟಿಕ್ ಕೊಪ್ಪೆ ಮಾಡಿದ್ದೇನೆ. ಝೂಮ್ ಮಾಡಿದಾಗ ಮೂತಿ ಮುಂದಕ್ಕೆ ಚಾಚುತ್ತದೆ, ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದು ಗೊತ್ತಿದ್ದೂ ಒಂದು ಮಳೆಗಾಲ ಬ್ಯಾಗ್ ಸಮೇತ ಬೀರುವಿನಲ್ಲಿಟ್ಟು ಮರೆತೆ. ದಸರಾ ರಜೆಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗಾಜಿನ ಅಂಚಲ್ಲಿ ಜೇಡರ ಬಲೆಯಂಥ ಎಳೆ. ಬೂಷ್ಟು. ತಪ್ಪು ನನ್ನದೇ. ಬಿಚ್ಚಿಸಿ ಕ್ಲೀನ್ ಮಾಡಿಸಿದೆ. ಈಗ ಅಕ್ಕಿ ಡಬ್ಬಿಯಷ್ಟು ದೊಡ್ಡ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್.

ಇನ್ನು ಮಗಳ ಆಟ. ಮೊದಲ ಸಲ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಇದನ್ನು ಹೊತ್ತು ಹೋದಾಗ ಪಿಟಿ ಮೇಷ್ಟ್ರು "ಏನ್ ಸಾರ್, ತೋಪು ತಂದಿದೀರಾ?" ಅಂದರು. ಓಟಕ್ಕೆ ತೋಪು ಚೆನ್ನಾಗಿಯೇ ಕೆಲಸ ಮಾಡಿತು. ಗೆರೆಯಿಂದ ಐವತ್ತು ಅರವತ್ತು ಮೀಟರ್ ಆಚೆ ನಿಂತರೆ ಹುಡುಗಿಯರು ನೇರ ನಮ್ಮ ಕಡೆಗೇ ಓಡಿ ಬರುತ್ತಾರೆ. ಹಿಂದಿನ ಶಾಮಿಯಾನ, ಮೈಕು, ಮುಖ್ಯ ಅತಿಥಿಗಳು ಎಲ್ಲ ಮಸುಕು.

ಖೋಖೋದಲ್ಲಿ ಸೋತೆ. ಅಂಕಣದಿಂದ 15 ಮೀಟರ್ ದೂರ ನಿಂತಿದ್ದೆ. 200 ಎಂಎಂನಲ್ಲೇ ಇಟ್ಟರೂ ನನ್ನ ಕ್ಯಾಮೆರಾದಲ್ಲಿ ಫ್ರೇಮಿಗೆ ಸಿಗೋದು ಒಂದೂಮುಕ್ಕಾಲು ಮೀಟರ್ ಅಗಲ, ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಮಗಳು ಪೋಲ್ ಡೈವ್ ಹೊಡೆದಳು. ನನಗೆ ಸಿಕ್ಕಿದ್ದು ಪೋಲ್, ಒಂದು ಮೊಣಕೈ, ಮಣ್ಣು. ಮೇಲಾಗಿ ಈ ಕೂಟಗಳು ನಡೆಯೋದೇ ಮಳೆಗಾಲದಲ್ಲಿ. ಒಂಬತ್ತಕ್ಕೆ ಶುರು ಅಂತಾರೆ, ದೀಪ ಹಚ್ಚಿ ಭಾಷಣ ಮುಗಿದು ಫೈನಲ್ ಬರುವಾಗ ಸಂಜೆ ಐದೂವರೆ. ಓಡುವ ಮಕ್ಕಳಿಗೆ ಕಡಿಮೆ ಅಂದರೂ 1/1000 ಬೇಕು. ಎಫ್/5.6ರಲ್ಲಿ ಐಎಸ್‌ಒ 6400 ದಾಟಿತು. ಮುಖದ ಮೇಲೆಲ್ಲ ರವೆ ಚೆಲ್ಲಿದಂತೆ ಕಾಳು ಕಾಳು.

70-200 ಎಫ್/2.8 ಇದ್ದರೆ ನಾಲ್ಕು ಪಟ್ಟು ಬೆಳಕು. ಬೆಲೆ ನೋಡಿ ಸುಮ್ಮನಾದೆ. ಕೊನೆಗೆ ಕೈ ಹಿಡಿದದ್ದು 85 ಎಂಎಂ ಎಫ್/1.8. ತೂಕ 350 ಗ್ರಾಂ. 5.6ಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು. ಅದೇ 15 ಮೀಟರಿಗೆ ನಾಲ್ಕು ಮೀಟರ್ ಅಗಲ ಸಿಗುತ್ತದೆ. ಓಡುವವಳು, ಅಟ್ಟಿಸಿಕೊಂಡು ಬರುವವಳು ಇಬ್ಬರೂ ಒಳಗೆ. ಮಗಳ ಕೋಣೆಯ ಗೋಡೆಯಲ್ಲಿರುವ ಫೋಟೊ ಅದರದ್ದು, ತೋಪಿನದ್ದಲ್ಲ.

ಈಗ ಹೊಸದಾಗಿ ಕೊಳ್ಳುವವರು ನಿಕಾನ್‌ನ ಕನ್ನಡಿಯಿಲ್ಲದ ಹೊಸ ಸಾಲಿನ ಝಡ್ ಕ್ಯಾಮೆರಾ ಇಟ್ಟುಕೊಂಡಿದ್ದರೆ 2023ರಲ್ಲಿ ಬಂದ 180-600 ನೋಡಿ. ಝೂಮ್ ಮಾಡಿದರೂ ಉದ್ದ ಬೆಳೆಯಲ್ಲ, ರಿಂಗ್ ಬೇಗ ತಿರುಗುತ್ತದೆ. ಹಳೇ ಡಿಎಸ್‌ಎಲ್‌ಆರ್ ಇದ್ದು, ಬೆಳಗಿನ ಬಿಸಿಲಲ್ಲಿ ಹಕ್ಕಿ ಹಿಂದೆ ಹೋಗುವವರಾದರೆ 200-500 ಸೆಕೆಂಡ್ ಹ್ಯಾಂಡ್ ಈಗಲೂ ಒಳ್ಳೆ ಮಾಲು. ಕೊಳ್ಳುವ ಮುಂಚೆ ಟಾರ್ಚ್ ಬಿಟ್ಟು ನೋಡಿ. ಬರೀ ಮಕ್ಕಳ ಆಟಕ್ಕೆ ಅಂತಾದರೆ ಬೇಡ. ಖೋಖೋ, ಕಬಡ್ಡಿಗಂತೂ ಬೇಡವೇ ಬೇಡ.

ಮಾರ್ತೀರಾ ಅಂತ ಇಬ್ಬರು ಕೇಳಿದ್ದಾರೆ. ಇಲ್ಲ. ಭದ್ರೆಯಲ್ಲಿ ನೀರು ಇಳಿಯುವ ಹೊತ್ತಾಯಿತು, ಅಮ್ಮನ ಹತ್ತಿರ ಹೊಸ ಭತ್ತ ತುಂಬಿಸಿಕೊಳ್ಳಬೇಕು.