ಸೋಮನಾಥಪುರ: ನೆಂಟರಿಗೆ ನಾನು ಮೊದಲು ತೋರಿಸುವ ಗುಡಿ

ಮೈಸೂರಿಂದ ಬನ್ನೂರು ದಾರಿಯಲ್ಲಿ ಹೋದರೆ ಸುಮಾರು ಒಂದು ಗಂಟೆ. ನೆಂಟರು ಬಂದರೆ ಅರಮನೆಗಿಂತ ಮೊದಲು ಇಲ್ಲಿಗೇ ಕರೆತರುತ್ತೇನೆ. ಹೊಯ್ಸಳರ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಒಳಗೆ ಹೋದ ತಕ್ಷಣ ಕತ್ತೆತ್ತಿ ನೋಡಿ. ಛಾವಣಿಯಲ್ಲಿ ಬಾಳೆ ಮೂತಿ ಇಳಿಬಿದ್ದಿದೆ, ಅದೂ ಕಲ್ಲಲ್ಲಿ! ಎಸಳಿನ ಅಂಚು ಕೂಡ ಎಷ್ಟು ತೆಳು ಅಂತೀರಾ. ಹೊರಗೋಡೆಯ ಮೂರ್ತಿಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿದೆ. ಹುಡುಕಿ ಓದಿ, ಮೈ ಜುಮ್ ಅನ್ನುತ್ತದೆ.

ಪೂಜೆ ಇಲ್ಲ, ನೂಕುನುಗ್ಗಲೂ ಇಲ್ಲ. ಮಧ್ಯಾಹ್ನ ಮಾತ್ರ ಬೇಡ, ಬರಿಗಾಲಿಗೆ ಕಲ್ಲು ಸುಡುತ್ತದೆ. ಬೆಳಿಗ್ಗೆಯೇ ಹೋಗಿ, ಬುತ್ತಿ ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೆಯದು.