ಕಿವಿಯಿಂದಲೇ ಆಡುವ ‘ಎ ಬ್ಲೈಂಡ್ ಲೆಜೆಂಡ್’
ಫ್ರಾನ್ಸಿನ ಡೋವಿನೋ ಸಂಸ್ಥೆ 2015ರಲ್ಲಿ ಹೊರತಂದ ಈ ಆಟದಲ್ಲಿ ನೋಡುವುದಕ್ಕೆ ದೃಶ್ಯಗಳೇ ಇಲ್ಲ. ದೃಷ್ಟಿ ಕಳೆದುಕೊಂಡ ಯೋಧ ಎಡ್ವರ್ಡ್ ಬ್ಲೇಕ್‌ನನ್ನು ಮಗಳು ಲೂಯಿಸ್ ತನ್ನ ದನಿಯಿಂದಲೇ ಮುನ್ನಡೆಸುತ್ತಾಳೆ. ದಾವಣಗೆರೆಯ ನಮ್ಮ ಮನೆಯಲ್ಲಿ, ಹುಟ್ಟಿನಿಂದಲೇ ಕಣ್ಣು ಕಾಣದ ನನ್ನ ತಮ್ಮ ಇಯರ್‌ಫೋನ್ ಹಾಕಿಕೊಂಡು ಇದನ್ನು ಆಡುವಾಗ, ಅವಳ ಕರೆ ಎಡಗಿವಿಯಿಂದ ಬಲಗಿವಿಗೆ ಸರಿದೊಡನೆ ಅವನ ಹೆಬ್ಬೆರಳೂ ಪರದೆಯ ಮೇಲೆ ಅತ್ತಲೇ ಸರಿಯುತ್ತದೆ. ಎರಡು ಕಿವಿಗಳಿಗೆ ಶಬ್ದ ತಲುಪುವ ಹೊತ್ತಿನಲ್ಲೂ ಪ್ರಮಾಣದಲ್ಲೂ ಇರುವ ಸೂಕ್ಷ್ಮ ವ್ಯತ್ಯಾಸವನ್ನು ಹಾಗೆಯೇ ಉಳಿಸಿಕೊಳ್ಳುವ ಬೈನಾರಲ್ ಧ್ವನಿಯಿಂದ ಶತ್ರು ಯಾವ ದಿಕ್ಕಿನಲ್ಲಿದ್ದಾನೆಂದು ತಿಳಿಯುತ್ತದೆಯಾದ್ದರಿಂದ, ಫೋನಿನ ಸ್ಪೀಕರಿನಲ್ಲಿ ಆಡಿ ಪ್ರಯೋಜನವಿಲ್ಲ. ಇಷ್ಟು ಅಚ್ಚುಕಟ್ಟಾದ ಧ್ವನಿವಿನ್ಯಾಸ ಅಪರೂಪ. ಸಂಭಾಷಣೆ ಕನ್ನಡದಲ್ಲಿ ಇಲ್ಲದಿರುವುದು ಮಾತ್ರ ದೊಡ್ಡ ಕೊರತೆ. ಇಂಗ್ಲಿಷ್ ಬಾರದ ಮಕ್ಕಳಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ಅರ್ಥ ಹೇಳಬೇಕಾಗುತ್ತದೆ, ಹೇಳಿ ಮುಗಿಸುವಷ್ಟರಲ್ಲಿ ಕತ್ತಿಯ ಏಟು ಬಿದ್ದಿರುತ್ತದೆ.